ಕೊಟ್ಟೂರಿನ ಮೆಣಸಿನಕಾಯಿ, ಮಿಲಾನಿನ ಪೆಪೆರೋನಿ

ಪ್ರೀತಿಯ ಅಕ್ಕನಿಗೆ,

ಹೊಸಪೇಟೆಯಲ್ಲಿ ಹರಿಹರದ ರೈಲು ಹತ್ತಿ, ಹಗರಿಬೊಮ್ಮನಹಳ್ಳಿ ದಾಟಿ ಕೊಟ್ಟೂರಿಗೆ ಬಂದಿಳಿದೆ. ತೇರಿನ ಹೊತ್ತಲ್ಲವಾದ್ದರಿಂದ ಗುರುಕೊಟ್ಟೂರೇಶ್ವರನ ದರ್ಶನ ನೆಮ್ಮದಿಯಾಗಿ ಆಯಿತು. ಆಮೇಲೆ ಈ ಊರಿಗೆ ಬಂದವರೆಲ್ಲ ಮಾಡುವ ಕೆಲಸವನ್ನೇ ಮಾಡಿದೆ: ಮಂಡಕ್ಕಿ-ಮೆಣಸಿನಕಾಯಿ ತಿಂದೆ. ಇಲ್ಲಿ ಬಜ್ಜಿ ಅಂತ ಸೇರಿಸಬೇಕಿಲ್ಲ. "ಎರಡು ಮೆಣಸಿನಕಾಯಿ ಕೊಡ್ರಿ" ಅಂದರೆ ಸಾಕು, ಕಡಲೆಹಿಟ್ಟಿನಲ್ಲಿ ಅದ್ದಿ ಕರಿದದ್ದು ಒಗ್ಗರಣೆ ಮಂಡಕ್ಕಿಯ ಪಕ್ಕ ಬಂದು ಕೂರುತ್ತದೆ. ದಾವಣಗೆರೆಯವರು ಜಗಳಕ್ಕೆ ಬಂದರೂ ಸರಿ, ನನ್ನ ಓಟು ಕೊಟ್ಟೂರಿಗೆ.

ತಿನ್ನುವಾಗ ನಿನ್ನ ಮಗಳು ನೆನಪಾದಳು. ಮಿಲಾನಿನಲ್ಲಿ ಪೆಪ್ಪರೋನಿ ಪಿಜ್ಜಾ ಕೇಳಿದರೆ ದೊಣ್ಣೆಮೆಣಸಿನಕಾಯಿ ಹಾಕಿ ಕೊಟ್ಟರು ಅಂತ ಮುನಿಸಿಕೊಂಡಿದ್ದಳಲ್ಲ? ಹೋಟೆಲಿನವರು ಕೇಳಿದ್ದನ್ನೇ ಕೊಟ್ಟಿದ್ದಾರೆ. ಇಟಲಿಯಲ್ಲಿ ಪೆಪೆ ಅಂದರೆ ಕಾಳುಮೆಣಸು, ಪೆಪೆರೋನೆ ಅಂದರೆ ದೊಡ್ಡ ಮೆಣಸು, ಅದರ ಬಹುವಚನ ಪೆಪೆರೋನಿ. ಖಾರದ ಸಣ್ಣ ಕಾಯಿಗೆ ಮತ್ತೊಂದು ಬಾಲ ಅಂಟಿಸಿ ಪೆಪೆರೊಂಚೀನೊ ಅಂದರು, ದೊಡ್ಡದರ ಚಿಕ್ಕದು! ನಿನ್ನ ಮಗಳು ಬಯಸಿದ್ದ ಸಾಸೇಜಿಗೆ ಪೆಪ್ಪರೋನಿ ಅಂತ ಹೆಸರಿಟ್ಟವರು ಅಮೆರಿಕಕ್ಕೆ ವಲಸೆ ಹೋದ ಇಟಲಿಯವರು.

ಪೆಪೆಯ ಬೇರು ಹುಡುಕಿದರೆ ಲ್ಯಾಟಿನ್ನಿನ ಪಿಪೆರ್, ಅದರ ಹಿಂದೆ ಗ್ರೀಕಿನ ಪೆಪೆರಿ, ಅದರ ಹಿಂದೆ ನಮ್ಮ ಪಿಪ್ಪಲಿ. ಅಮ್ಮ ಕೆಮ್ಮಿನ ಕಷಾಯಕ್ಕೆ ಹಾಕುತ್ತಿದ್ದ ಹಿಪ್ಪಲಿ ಅಕ್ಕಾ! ಹಿಪ್ಪಲಿಯ ಹೆಸರು ಕಡಲು ದಾಟುವಾಗ ಕಾಳುಮೆಣಸಿಗೂ ಅಂಟಿತು. 1492ರ ನಂತರ ಅಮೆರಿಕದಿಂದ ಹೊಸ ಕಾಯಿ ಬಂದಾಗ, ಬಾಯಿ ಉರಿಸಿದ್ದೆಲ್ಲ ಮೆಣಸೇ ಎಂದು ಯುರೋಪಿನವರು ಅದಕ್ಕೂ ಅದೇ ಹೆಸರು ಕೊಟ್ಟರು. ಪೋರ್ಚುಗೀಸರ ಹಡಗಿನಲ್ಲಿ ಆ ಕಾಯಿ ನಮ್ಮ ಕಡೆ ಬಂದಾಗ ನಾವು ಮಾಡಿದ್ದೂ ಅದನ್ನೇ: ಮೆಣಸು ಇತ್ತು, ಇದು ಮೆಣಸಿನಕಾಯಿ ಆಯಿತು. ಮಿರ್ಚಿಯೂ ಸಂಸ್ಕೃತದ ಮರೀಚದಿಂದ ಬಂದದ್ದು, ಅದೂ ಕಾಳುಮೆಣಸೇ. ಪಾಪ, ಹಳೆಯ ಮೆಣಸು ತನ್ನ ಗುರುತಿಗೆ ಈಗ 'ಕಾಳು', 'ಕರಿ' ಅಂತ ಹೇಳಿಕೊಳ್ಳಬೇಕು.

ಸಂಜೆಗೆ ಹರಪನಹಳ್ಳಿ, ನಾಳೆ ಹಡಗಲಿ, ಮರಳುವಾಗ ಕೂಡ್ಲಿಗಿಯಲ್ಲಿ ಗಾಂಧೀಜಿ ಚಿತಾಭಸ್ಮದ ಸ್ಮಾರಕ ನೋಡುವ ಮನಸ್ಸಿದೆ. ಹಡಗಲಿ ಮಲ್ಲಿಗೆಯ ಆಸೆ ಬಿಡು, ಮನೆ ಮುಟ್ಟುವಷ್ಟರಲ್ಲಿ ಬಾಡಿರುತ್ತದೆ. ಮಗಳಿಗೆ ಮಾತ್ರ ಹೇಳು, ಇನ್ನು ಮೇಲೆ 'ದಿಯಾವೊಲಾ' ಪಿಜ್ಜಾ ಕೇಳಲಿ, ಖಾರದ ಸಲಾಮಿ ಹಾಕಿ ಕೊಡುತ್ತಾರೆ. ಈ ಸಾಲನ್ನು ಅಪ್ಪನ ಮುಂದೆ ಓದಬೇಡ.

ನಿನ್ನ ತಮ್ಮ