ಮಾವ ಕೊಟ್ಟ ಮುದಿ ಯಂತ್ರ

‘ಕರ್ನಲ್’ ಎಂಬ ಮಾತನ್ನು ನಾನು ಮನೆಯಲ್ಲಿ ಮೊದಲ ಸಲ ಆಡಿದಾಗ ನಮ್ಮ ತಾತನವರು ಓದುತ್ತಿದ್ದ ಪತ್ರಿಕೆಯನ್ನು ಕೆಳಗಿಟ್ಟು, “ಯಾವ ರೆಜಿಮೆಂಟು?” ಎಂದು ಕೇಳಿದರು. ಮೊಮ್ಮಗನಿಗೆ ಸೈನ್ಯದ ದೊಡ್ಡವರಾರೋ ಪರಿಚಯವಾದರೆಂದು ಅವರಿಗೆ ಸಂತೋಷ. ಇದು ಆ ಕರ್ನಲ್ ಅಲ್ಲ, ಇಂಗ್ಲಿಷಿನಲ್ಲಿ ಇನ್ನೊಂದು ಕರ್ನಲ್ ಇದೆ, ಅದಕ್ಕೆ ತಿರುಳು ಎಂದರ್ಥ. ಕಂಪ್ಯೂಟರಿನಲ್ಲಿ ಯಂತ್ರಕ್ಕೂ ಮಿಕ್ಕ ಕಾರ್ಯಕ್ರಮಗಳಿಗೂ ನಡುವೆ ನಿಂತು ಎಲ್ಲರಿಗೂ ಕೆಲಸ ಹಂಚುವ ಮೂಲ ವ್ಯವಸ್ಥೆಗೆ ಆ ಹೆಸರಿಟ್ಟಿದ್ದಾರೆ, ಎಂದು ವಿವರಿಸಿದೆ. ತಾತನವರು “ಓಹೋ” ಎಂದು ಮತ್ತೆ ಪತ್ರಿಕೆ ಎತ್ತಿಕೊಂಡರು.

ಇತಿಹಾಸ ಓದುವ ಬಿ.ಎ. ವಿದ್ಯಾರ್ಥಿಗೆ ಈ ತಿರುಳಿನ ಗೊಡವೆ ಏಕೆ ಬಂತೆಂದು ವಾಚಕರೂ ಕೇಳಬಹುದು. ಅದಕ್ಕೆ ಕಾರಣ ನನ್ನ ಸೋದರಮಾವ. ೨೦೨೦ರಲ್ಲಿ ಕೊರೋನಾ ಬಂದು ಶಾಲೆಗಳ ಬಾಗಿಲು ಮುಚ್ಚಿತಷ್ಟೆ. ನನ್ನದು ಹತ್ತನೆಯ ತರಗತಿ. ಮನೆಯಲ್ಲಿದ್ದುದು ಒಂದೇ ಫೋನು. ಅದಕ್ಕೆ ನಾನು, ನನ್ನ ತಂಗಿ, ನಮ್ಮ ತಂದೆ ಮೂವರು ಹಕ್ಕುದಾರರು. ಡಿ.ಟಿ.ಪಿ. ಅಂಗಡಿ ಇಟ್ಟುಕೊಂಡಿದ್ದ ಮಾವ ಒಂದು ಸಂಜೆ ಸ್ಕೂಟರಿನ ಮೇಲೆ ಬಂದು, ಗೋಣಿತಾಟಿನಲ್ಲಿ ಸುತ್ತಿದ್ದ ಲ್ಯಾಪ್‌ಟಾಪೊಂದನ್ನು ಜಗಲಿಯ ಮೇಲಿಟ್ಟು, “ನೋಡೋ, ಇದು ಬದುಕಿದರೆ ನಿನ್ನದು” ಎಂದರು. ಪೆಂಟಿಯಂ ಎಂ ಎಂಬ ಪ್ರೊಸೆಸರಿನ ಯಂತ್ರ. ವಯಸ್ಸಿನಲ್ಲಿ ನನಗಿಂತ ಹಿರಿಯದು.

ಅದರಲ್ಲಿದ್ದ ಹಳೆಯ ವ್ಯವಸ್ಥೆ ಕೆಟ್ಟುಹೋಗಿತ್ತು. ಪಕ್ಕದ ಬೀದಿಯ ಅಣ್ಣನೊಬ್ಬ ಲಿನಕ್ಸಿನ ಒಂದು ತಟ್ಟೆ ಕೊಟ್ಟ. ಹಾಕಿದೆ. ಯಂತ್ರ ಸ್ವಲ್ಪ ಹೊತ್ತು ಗುಂಯ್‌ಗುಟ್ಟಿ, ಈ ಕರ್ನಲಿಗೆ ಬೇಕಾದ ‘ಪಿ.ಎ.ಇ.’ ಎಂಬ ಸೌಕರ್ಯ ಈ ಪ್ರೊಸೆಸರಿನಲ್ಲಿಲ್ಲ ಎಂದು ಇಂಗ್ಲಿಷಿನಲ್ಲಿ ಬರೆದು ನಿಂತುಬಿಟ್ಟಿತು. ೩೨ ಬಿಟ್ಟಿನ ಯಂತ್ರಗಳು ನಾಲ್ಕು ಗಿಗಾಬೈಟಿಗಿಂತ ಹೆಚ್ಚಿನ ಸ್ಮರಣೆಯನ್ನು ಎಟುಕಿಸಿಕೊಳ್ಳಲು ಕಲಿತ ಉಪಾಯಕ್ಕೆ ಆ ಹೆಸರು. ನಮ್ಮದರಲ್ಲಿ ಇದ್ದುದೇ ಒಂದು ಗಿಗಾಬೈಟು. ಬೇಡವಾದ ವಿದ್ಯೆ ಬಾರದೆಂಬ ಕಾರಣಕ್ಕೆ ಶಾಲೆಗೆ ಸೇರಿಸಿಕೊಳ್ಳದಂತಾಯಿತು ನಮ್ಮ ಪಾಡು.

ಮೂರು ದಿನ ಹುಡುಕಿದ ಮೇಲೆ ಒಂದು ವಿಚಿತ್ರ ತಿಳಿಯಿತು. ಆ ವಿದ್ಯೆ ನಮ್ಮ ಪ್ರೊಸೆಸರಿಗೆ ಬರುತ್ತಿತ್ತು, ಆದರೆ ಅದು ಹೇಳುತ್ತಿರಲಿಲ್ಲ! ಕರ್ನಲ್ ಏಳುವಾಗ ಪ್ರೊಸೆಸರನ್ನು ನಿನಗೇನೇನು ಬರುತ್ತದೆಂದು ಕೇಳುತ್ತದೆ. ಪೆಂಟಿಯಂ ಎಂ ಬಳಗದ ಮೊದಲ ಕೆಲವು ಪ್ರೊಸೆಸರುಗಳು ಆ ಪಟ್ಟಿಯಲ್ಲಿ ಪಿ.ಎ.ಇ.ಯ ಹೆಸರನ್ನೇ ಎತ್ತುವುದಿಲ್ಲ. ನಮ್ಮ ತರಗತಿಯ ಕೊನೆಯ ಬೆಂಚಿನಲ್ಲೊಬ್ಬ ಮಹಾನುಭಾವನಿದ್ದಾನೆ. ಹಾಜರಿ ಕರೆದಾಗ ಎದುರಿಗೇ ಕುಳಿತಿದ್ದರೂ ಬಾಯಿ ಬಿಡುವುದಿಲ್ಲ. ಅದೇ ಜಾತಿ. ಇಂಥವರಿಗಾಗಿ ೨೦೧೪ರಲ್ಲಿ, ೩.೧೫ನೆಯ ಆವೃತ್ತಿಯಲ್ಲಿ, ಯಾರೋ ಪುಣ್ಯಾತ್ಮರು ಕೆಲವೇ ಸಾಲುಗಳನ್ನು ಸೇರಿಸಿದ್ದರು. ಯಂತ್ರ ಏಳುವಾಗ ‘ಫೋರ್ಸ್‌ಪಿ.ಎ.ಇ.’ ಎಂದು ಒಂದು ಮಾತು ಬರೆದರೆ ಸರಿ, ಪಕ್ಕದ ಹುಡುಗ ಎದ್ದುನಿಂತು “ಇದ್ದಾನೆ ಸಾರ್” ಎಂದಂತೆ. ಕರ್ನಲ್ ನಂಬುತ್ತದೆ. ಆದರೆ ನಾಳೆ ಏನಾದರೂ ಹೆಚ್ಚುಕಡಮೆಯಾದರೆ ತನ್ನ ಮೇಲೆ ಬಾರದಿರಲೆಂದು ಮುಚ್ಚಳಿಕೆ ಬರೆಸಿಕೊಂಡಂತೆ ತನ್ನ ದಫ್ತರದಲ್ಲಿ ಒಂದು ಗುರುತನ್ನೂ ಹಾಕಿಕೊಳ್ಳುತ್ತದೆ.

ಯಂತ್ರ ಎದ್ದಿತು. ಹತ್ತನೆಯ ತರಗತಿಯ ಪಾಠ, ಪಿ.ಯು.ಸಿ. ಟಿಪ್ಪಣಿ ಎಲ್ಲವನ್ನೂ ಅದರಲ್ಲೇ ಓದಿದೆ. ಆ ಕೆಲವು ಸಾಲುಗಳ ಋಣ ಮಾತ್ರ ಮನಸ್ಸಿನಲ್ಲಿ ಉಳಿಯಿತು. ಅವನ್ನು ಯಾರು ಬರೆದರು, ಈಗ ಯಾರು ಕಾಯುತ್ತಿದ್ದಾರೆ ಎಂದು ನೋಡಬೇಕೆನಿಸಿತು. ಲಿನಕ್ಸಿನ ಮೂಲಪಾಠ ಎಲ್ಲರಿಗೂ ತೆರೆದದ್ದು, ಕೇಳುವವರಿಲ್ಲ, ನೋಡಬಹುದು.

೧೯೯೧ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ತಮ್ಮ ಬಳಿಯಿದ್ದ ಇಂಟೆಲ್ ೩೮೬ ಯಂತ್ರಕ್ಕೆಂದು ಇದನ್ನು ಬರೆಯತೊಡಗಿದರು. ಬೇರೆ ಜಾತಿಯ ಯಂತ್ರದ ಮೇಲೂ ಅದು ನಡೆಯಬೇಕೆಂಬ ಯೋಚನೆ ಅವರಿಗೆ ಆಗ ಇರಲಿಲ್ಲ. ೧೯೯೫ರ ಹೊತ್ತಿಗೆ ಆಲ್ಫಾ, ಸ್ಪಾರ್ಕ್, ಮಿಪ್ಸ್ ಯಂತ್ರಗಳೂ ಪಂಕ್ತಿಗೆ ಬಂದು ಕುಳಿತವು. ಹೆಚ್ಚಿನ ಪಾಠ ಎಲ್ಲಕ್ಕೂ ಒಂದೇ. ಪ್ರೊಸೆಸರಿನಿಂದ ಪ್ರೊಸೆಸರಿಗೆ ಬೇರೆಯಾಗುವ ಭಾಗವನ್ನು ಮಾತ್ರ ‘ಆರ್ಚ್’ ಎಂಬ ಪ್ರತ್ಯೇಕ ಕೋಣೆಯಲ್ಲಿ ಇಟ್ಟಿದ್ದಾರೆ. ಅಲ್ಲಿ ಈಗ ಸುಮಾರು ಇಪ್ಪತ್ತು ಜಾತಿಗಳಿವೆ. ವಿದ್ಯುತ್ತು ಬಂದೊಡನೆ ಮೊದಲ ಹೆಜ್ಜೆ ಹೇಗಿಡಬೇಕು, ಒಂದು ಕೆಲಸದಿಂದ ಇನ್ನೊಂದಕ್ಕೆ ಹೇಗೆ ಹಾರಬೇಕು, ಸ್ಮರಣೆಯ ಪುಟಗಳನ್ನು ಹೇಗೆ ಹಂಚಬೇಕು, ಇವೆಲ್ಲ ಆ ಕೋಣೆಯ ವ್ಯವಹಾರ.

ಅಂಕಿ ಬರೆಯುವುದರಲ್ಲೇ ಈ ಜಾತಿಗಳಿಗೆ ಒಮ್ಮತವಿಲ್ಲ. ಕೆಲವು ಸಂಖ್ಯೆಯ ದೊಡ್ಡ ತುದಿಯನ್ನು ಮೊದಲು ಇಡುತ್ತವೆ, ಕೆಲವು ಚಿಕ್ಕ ತುದಿಯನ್ನು. ಡ್ಯಾನಿ ಕೋಹೆನ್ ಎಂಬುವರು ೧೯೮೦ರಲ್ಲಿ ಈ ಎರಡು ಪಂಗಡಗಳಿಗೆ ಹೆಸರಿಟ್ಟದ್ದು, ನಮ್ಮ ಇಂಗ್ಲಿಷ್ ಮೇಷ್ಟರಿಗೆ ಪ್ರಿಯವಾದ ಸ್ವಿಫ್ಟನ ಗಲಿವರ್ ಕಥೆಯಿಂದ. ಅಲ್ಲಿ ಮೊಟ್ಟೆಯನ್ನು ಯಾವ ತುದಿಯಿಂದ ಒಡೆಯಬೇಕೆಂದು ಯುದ್ಧವೇ ನಡೆಯುತ್ತದೆ. ಇತಿಹಾಸದ ವಿದ್ಯಾರ್ಥಿಗೆ ಇದು ಹೊಸತಲ್ಲ. ಶಾಸನದಲ್ಲಿ ಭೂತಸಂಖ್ಯೆಯಿಂದ ಶಕವರ್ಷ ಹೇಳಿದ್ದರೆ ಬಿಡಿಸ್ಥಾನದಿಂದ ಹಿಂದುಹಿಂದಾಗಿ ಓದಬೇಕೆಂಬುದನ್ನು ಮರೆತು ಕಿರುಪರೀಕ್ಷೆಯಲ್ಲಿ ನಾನು ಅಂಕ ಕಳೆದುಕೊಂಡಿದ್ದೇನೆ.

ಆ ಕೋಣೆಯಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ೩೮೬ರ ಕಥೆ. ಸ್ಮರಣೆಯ ಪುಟವೊಂದರ ಮೇಲೆ ‘ಓದಬಹುದು, ಬರೆಯಕೂಡದು’ ಎಂದು ಗುರುತು ಹಾಕಿದರೆ ಸಾಮಾನ್ಯ ಕಾರ್ಯಕ್ರಮಗಳನ್ನು ೩೮೬ ತಡೆಯುತ್ತಿತ್ತು. ಆದರೆ ಬರೆಯಹೊರಟದ್ದು ಸ್ವತಃ ಕರ್ನಲ್ಲೇ ಆದರೆ ಸುಮ್ಮನೆ ಬಿಟ್ಟುಬಿಡುತ್ತಿತ್ತು. ಪುಸ್ತಕಭಂಡಾರದ ಜವಾನ ಹುಡುಗರ ಚೀಲವನ್ನೆಲ್ಲ ತಪಾಸಣೆ ಮಾಡಿ ಪ್ರಿನ್ಸಿಪಾಲರು ಬಂದರೆ ಎದ್ದು ನಮಸ್ಕಾರ ಮಾಡಿದಂತೆ. ಇಬ್ಬರು ಒಂದೇ ಪುಟವನ್ನು ಹಂಚಿಕೊಂಡಿರುವಾಗ ಕರ್ನಲ್ ತಿಳಿಯದೆ ಅದರ ಮೇಲೆ ಬರೆದರೆ ಒಬ್ಬರ ಲೆಕ್ಕ ಇನ್ನೊಬ್ಬರಲ್ಲಿ ಬೆರೆಯುತ್ತದೆ. ಆದ್ದರಿಂದ ೩೮೬ಕ್ಕಾಗಿ ಕರ್ನಲ್ ಪ್ರತಿಸಲವೂ ತಾನೇ ಪುಟವನ್ನು ಪರೀಕ್ಷಿಸಿ ಬರೆಯಬೇಕಿತ್ತು. ೧೯೮೯ರ ೪೮೬ ಈ ಕೊರತೆಯನ್ನು ನೀಗಿತು. ಆದರೂ ಹಳೆಯದಕ್ಕಾಗಿ ಬೇರೆ ದಾರಿಯನ್ನು ಎಷ್ಟೋ ವರ್ಷ ಕಾಪಾಡಿದರು. ಕೊನೆಗೆ ೨೦೧೩ರ ೩.೮ನೆಯ ಆವೃತ್ತಿಯಲ್ಲಿ ೩೮೬ ಹೊರಗಾಯಿತು. ಯಾವ ಯಂತ್ರಕ್ಕಾಗಿ ಲಿನಕ್ಸ್ ಹುಟ್ಟಿತೋ ಆ ಯಂತ್ರದ ಮೇಲೆ ಅಂದಿನಿಂದ ಹೊಸ ಲಿನಕ್ಸ್ ನಡೆಯುವುದಿಲ್ಲ. ಬೇಕಾದವರಿಗೆ ಹಳೆಯ ಆವೃತ್ತಿಗಳಿವೆ ಎಂಬುದು ನಿಜ. ಆದರೂ ಓದಿದಾಗ ನನಗೆ ಪಿಚ್ಚೆನಿಸಿತು.

ಹೊರಗೆ ಹಾಕುವವರನ್ನು ನಿರ್ದಯರೆಂದು ಮೊದಲು ಬೈದುಕೊಂಡೆ. ಆಮೇಲೆ ಅವರ ಕಷ್ಟ ತಿಳಿಯಿತು. ಎಲ್ಲಕ್ಕೂ ಸೇರಿದ ಭಾಗದಲ್ಲಿ ಯಾರಾದರೂ ಒಂದು ಪದ್ಧತಿ ಬದಲಿಸಿದರೆ ಇಪ್ಪತ್ತು ಮನೆಗಳಲ್ಲೂ ಅದಕ್ಕೆ ತಕ್ಕಂತೆ ತಿದ್ದಬೇಕು. ತಿದ್ದುವವನ ಬಳಿ ಇಪ್ಪತ್ತು ಯಂತ್ರಗಳಿರುವುದಿಲ್ಲ. ತಿದ್ದಿದ್ದು ಸರಿಯೇ ಎಂದು ಹೇಳಲು ಆ ಯಂತ್ರವನ್ನು ಇಟ್ಟುಕೊಂಡವರು ಒಬ್ಬರಾದರೂ ಬೇಕು. ಮೂಲಪಾಠದ ಜೊತೆ ಪಾಲಕರ ಪಟ್ಟಿಯೊಂದಿದೆ. ಕೇಳುವವರಿಲ್ಲದ ಭಾಗದ ಮುಂದೆ ‘ಅನಾಥ’ ಎಂದು ಬರೆಯುತ್ತಾರೆ. ಇಂಟೆಲ್ ಮತ್ತು ಎಚ್.ಪಿ. ಸೇರಿ ಬೆಳೆಸಿ ೨೦೦೧ರಲ್ಲಿ ಮಾರುಕಟ್ಟೆಗೆ ತಂದ ಇಟೇನಿಯಂ ೨೦೨೧ರಲ್ಲಿ ಹೀಗೆ ಅನಾಥವಾಗಿ, ೨೦೨೪ರ ಜನವರಿಯಲ್ಲಿ ಬಂದ ೬.೭ನೆಯ ಆವೃತ್ತಿಯಲ್ಲಿ ಇಲ್ಲವಾಯಿತು. ೨೦೧೮ರಲ್ಲಂತೂ ಒಂದೇ ಸಲಕ್ಕೆ ಎಂಟು ಜಾತಿಗಳನ್ನು ಕಳುಹಿಸಿಕೊಟ್ಟರು. ಇತ್ತ ೧೯೭೯ರ ಮೋಟರೋಲಾ ೬೮೦೦೦ದ ವಂಶ ಮಾತ್ರ ಇನ್ನೂ ಒಳಗಿದೆ. ಬಂಡವಾಳದವರು ಕೈಬಿಟ್ಟರೂ ಹವ್ಯಾಸಿಗಳು ಬಿಡಲಿಲ್ಲ.

ನಾನೂ ಒಬ್ಬ ಕಾವಲುಗಾರನಾಗುವೆನೆಂಬ ಹುರುಪಿನಿಂದ, ಹೊಸ ಆವೃತ್ತಿ ಬಂದಾಗಲೆಲ್ಲ ನಮ್ಮ ಯಂತ್ರದ ಮೇಲೆ ಕಟ್ಟಿ ನೋಡುವ ಅಭ್ಯಾಸ ಮಾಡಿಕೊಂಡೆ. ರಾತ್ರಿ ಒಂಬತ್ತಕ್ಕೆ ಹಚ್ಚಿದರೆ ಬೆಳಗ್ಗೆ ಹಾಲಿನವನು ಬರುವ ಹೊತ್ತಿಗೆ ಮುಗಿಯುತ್ತಿತ್ತು. “ಅದೇನೋ ರಾತ್ರಿಯೆಲ್ಲ ದುಂಬಿ ಕೂಗಿದ ಹಾಗೆ” ಎಂದು ಅಮ್ಮ ಗೊಣಗುತ್ತಿದ್ದರು. ನಾನು ಬಿ.ಎ.ಗೆ ಸೇರಿದ ವರ್ಷ ಒಂದು ಹೊಸ ಆವೃತ್ತಿ ಏಳಲೇ ಇಲ್ಲ. ಹಿಂದಿನದು ಏಳುತ್ತಿತ್ತು. ನಡುವೆ ಹತ್ತು ಸಾವಿರಕ್ಕೂ ಮೀರಿದ ಬದಲಾವಣೆಗಳು. ಅವನ್ನು ಅರ್ಧಕ್ಕೆ ಕತ್ತರಿಸಿ ನೋಡುವುದು, ಕೆಟ್ಟ ಅರ್ಧವನ್ನು ಮತ್ತೆ ಕತ್ತರಿಸುವುದು, ಹೀಗೆ ಹದಿನಾಲ್ಕು ಸಲ ಮಾಡಿದರೆ ಅಪರಾಧಿ ಒಂಟಿಯಾಗಿ ಸಿಕ್ಕುತ್ತಾನೆ. ಒಂದು ಕಡಿತಕ್ಕೆ ಒಂದು ರಾತ್ರಿ. ಕರೆಂಟು ಹೋದ ರಾತ್ರಿಗಳು ಲೆಕ್ಕಕ್ಕಿಲ್ಲ.

ಹದಿನೇಳನೆಯ ಬೆಳಗ್ಗೆ ಸಿಕ್ಕಿತು. ಪ್ರೊಸೆಸರನ್ನು ಗುರುತಿಸುವ ಭಾಗವನ್ನು ಯಾರೋ ಅಚ್ಚುಕಟ್ಟು ಮಾಡುವಾಗ ಆದ ಸಣ್ಣ ಪ್ರಮಾದ. ವಿಜಯೋತ್ಸಾಹದಿಂದ ಕಾಗದವೊಂದನ್ನು ಬರೆದು ಇಂಗ್ಲಿಷ್ ಮೇಷ್ಟರಿಂದ ತಿದ್ದಿಸಿದೆ. ಕಳುಹಿಸುವ ಮುನ್ನ ಇನ್ನೊಮ್ಮೆ ಹೊಸ ಪಾಠವನ್ನು ತೆರೆದು ನೋಡಿದರೆ, ಹಿಂದಿನ ದಿನವೇ ಅದನ್ನು ಸರಿಪಡಿಸಿದ್ದರು! ದೂರು ಕೊಟ್ಟವರು ಬೇರೆ ಯಾರೋ, ಬೇರೆ ಯಾವುದೋ ದೇಶದವರು. ಅವರ ಬಳಿಯೂ ಇದೇ ಪೆಂಟಿಯಂ ಎಂ. ಹದಿನೇಳು ರಾತ್ರಿ ವ್ಯರ್ಥವಾಯಿತೆಂದು ಒಂದು ಗಳಿಗೆ ಹೊಟ್ಟೆ ಉರಿಯಿತು. ಆಮೇಲೆ, ನಾನು ಕೂತ ಅದೇ ಹದಿನೇಳು ರಾತ್ರಿ ಇನ್ನೊಬ್ಬರೂ ಇಂಥದೇ ಯಂತ್ರದ ಮುಂದೆ ಕೂತಿದ್ದರಲ್ಲಾ ಎಂದು ನೆನೆದು ಬಹಳ ಹೊತ್ತು ಸುಮ್ಮನಿದ್ದೆ. ಅವರ ಅಮ್ಮ ಏನೆಂದು ಗೊಣಗಿದರೋ!

ಕಳೆದ ಮಳೆಗಾಲದಲ್ಲಿ ಒಂದು ಸಿಡಿಲಿನ ಮರುದಿನ ನಮ್ಮ ಯಂತ್ರ ಏಳಲಿಲ್ಲ. ಮಾವ ತಾವೇ ಬಿಚ್ಚಿ ನೋಡಿ, “ಇದಕ್ಕೆ ಭಾಗಗಳು ಎಲ್ಲೂ ಸಿಗೋದಿಲ್ಲ, ಬಿಡೋ” ಎಂದರು. ಈಗ ಅದು ಮತ್ತೆ ಗೋಣಿತಾಟಿನಲ್ಲಿ, ಅಟ್ಟದ ಮೇಲೆ. ನನ್ನ ಕಾವಲುಗಾರಿಕೆಯೂ ಅಲ್ಲಿಗೆ ಮುಗಿಯಿತು. ಹೊಸ ಆವೃತ್ತಿ ಬಂದಾಗ ಕಾಲೇಜಿನ ಕಂಪ್ಯೂಟರಿನಲ್ಲಿ ಕುಳಿತು ಆ ಸಾಲುಗಳಿವೆಯೇ ಎಂದು ನೋಡುತ್ತೇನೆ. ಅವು ನಡೆಯುತ್ತವೆಯೇ ಎಂದು ಹೇಳಬಲ್ಲವರು ಆ ಇನ್ನೊಬ್ಬರು. ಅವರ ಯಂತ್ರ ಕ್ಷೇಮವೇ ಎಂದು ಒಂದು ಕಾಗದ ಬರೆದಿಟ್ಟಿದ್ದೇನೆ. ತಿದ್ದಿಕೊಡಲು ಇಂಗ್ಲಿಷ್ ಮೇಷ್ಟರು ಒಪ್ಪಿದ್ದಾರೆ.