ಇನ್ನೆರಡು ಬೆರಳು ಇರಲಿ

ನಮ್ಮೂರಿನ ಟೈಲರು ನನ್ನ ಅಳತೆಯನ್ನು ಒಮ್ಮೆಯೂ ತೆಗೆದುಕೊಂಡವರಲ್ಲ. ಅವರು ತೆಗೆದುಕೊಳ್ಳುತ್ತಿದ್ದದ್ದು ಮೂರು ವರ್ಷ ಮುಂದಿನ ನನ್ನ ಅಳತೆ. ಟೇಪು ಸೊಂಟ ಸುತ್ತುವ ಹೊತ್ತಿಗೆ ಅಪ್ಪ ಬಾಗಿಲಲ್ಲಿ ನಿಂತು, 'ಬೆಳೆಯೋ ಹುಡುಗ, ಇನ್ನೆರಡು ಬೆರಳು ಇರಲಿ' ಅನ್ನೋರು. ಜೂನಿನಲ್ಲಿ ಚಡ್ಡಿ ಉಡಿದಾರದ ಕೃಪೆಯಿಂದ ನಿಲ್ಲುತ್ತಿತ್ತು. ಮೈಗೆ ಹದವಾಗಿ ಕೂರುವಷ್ಟರಲ್ಲಿ ಹಿಂಭಾಗ ಸವೆದು, ಒಳಗಿನ ಗುಟ್ಟೆಲ್ಲ ಬಯಲಾಗಿರುತ್ತಿತ್ತು.

ನನ್ನ ಅಳತೆಗೇ ಆದ ಒಂದು ಉಡುಪು ಸಿಕ್ಕಿದ್ದು 47ನೆಯ ವಯಸ್ಸಿನಲ್ಲಿ, ಉತ್ತರ ಫ್ಲಾರಿಡಾದ ಒಂದು ಬುಗ್ಗೆಯ ದಡದಲ್ಲಿ. ಉಡುಪು ಅನ್ನುವುದೂ ಕಷ್ಟವೇ: 5 ಸೆಂಟಿಮೀಟರ್ ಅಗಲದ ನೈಲಾನ್ ಪಟ್ಟಿ, ನಾಲ್ಕಾರು ಉಕ್ಕಿನ ಡಿ-ರಿಂಗು, ಒಂದು ಗಾಳಿಚೀಲ. ಸೈಡ್‌ಮೌಂಟ್ ಹಾರ್ನೆಸ್ ಎಂದು ಹೆಸರು. ಸ್ಕೂಬಾದವರು ಸಾಮಾನ್ಯವಾಗಿ ಸಿಲಿಂಡರನ್ನು ಬೆನ್ನಿಗೆ ಹೊರುತ್ತಾರೆ, ಇಲ್ಲಿ ಕಂಕುಳಿಗೊಂದು. 1960ರ ದಶಕದಲ್ಲಿ ಇಂಗ್ಲೆಂಡಿನ ಗುಹೆಗಳೊಳಗೆ ನೀರು ತುಂಬಿದ ಇಕ್ಕಟ್ಟುಗಳಲ್ಲಿ ತೆವಳುತ್ತಿದ್ದವರು, ಬೆನ್ನಿಗೆ ಜಾಗವಿಲ್ಲವೆಂದು ಸಿಲಿಂಡರನ್ನು ಪಕ್ಕಕ್ಕೆ ಕಟ್ಟಿಕೊಂಡರು. ಆಮೇಲೆ ಫ್ಲಾರಿಡಾದ ಗುಹೆಯವರು ಅವರವರ ಹಾರ್ನೆಸ್ಸನ್ನು ಮನೆಯಲ್ಲೇ ಕತ್ತರಿಸಿ, ಹೊಲಿದು, ಬೈದುಕೊಂಡು ತಯಾರಿಸಿದರು. ಈಗ ಅಂಗಡಿಯಲ್ಲೇ ಸಿಗುತ್ತದೆ. ಆದರೆ ತಂದದ್ದನ್ನು ತಂದ ಹಾಗೇ ತೊಟ್ಟವರನ್ನು ನಾನಂತೂ ಕಂಡಿಲ್ಲ.

ನನ್ನ ಗುರು ಎಪ್ಪತ್ತು ದಾಟಿದ ಹೆಂಗಸು. ಕೈಯಲ್ಲಿ ಕತ್ತರಿ, ಮೇಜಿನ ಮೇಲೆ ಉರಿಯುವ ಮೋಂಬತ್ತಿ. ಮೊದಲಿಗೆ ಕಾಲ ಸಂದಿಯಲ್ಲಿ ಹಾಯಿಸಿ ಸೊಂಟಕ್ಕೆ ಸೇರಿಸುವ ಪಟ್ಟಿಯನ್ನು ಬಿಗಿಸಿದರು. ಇದಿಲ್ಲದಿದ್ದರೆ ನೀರಿನಲ್ಲಿ ಇಡೀ ಸಾಮಾನು ಕಿವಿಯವರೆಗೆ ಏರಿಬಿಡುತ್ತದಂತೆ. ವಿವರಣೆ ನನಗೇನೂ ಬೇಕಿರಲಿಲ್ಲ. ಅಜ್ಜನ ಗರಡಿ ಲಂಗೋಟಿಯನ್ನು ಎಲ್ಲಿ ಕಂಡರೂ ಗುರುತು ಹಿಡಿಯಬಲ್ಲೆ.

ಕಷ್ಟವೆಲ್ಲ ಇಲಾಸ್ಟಿಕ್ ಹಗ್ಗದ್ದು. ಬೆನ್ನ ಹಿಂದಿನಿಂದ ಕಂಕುಳ ಕೆಳಗೆ ಹಾಯ್ದು ಎದೆಗೆ ಬರುವ ಅದು ಸಿಲಿಂಡರಿನ ಕುತ್ತಿಗೆಯನ್ನು ಮೈಗೆ ಒತ್ತಿ ಹಿಡಿಯಬೇಕು. ಒಂದಂಗುಲ ಸಡಿಲವಾಯಿತೋ, ಸಿಲಿಂಡರು ಹಾಲು ಕುಡಿಯದೆ ಮುನಿಸಿಕೊಂಡ ಮಗುವಿನ ಹಾಗೆ ಜೋತುಬೀಳುತ್ತದೆ. ಬಿಗಿಯಾಯಿತೋ, ವಾಲ್ವು ಪಕ್ಕೆಗೆ ತಿವಿಯುತ್ತದೆ. ಆರು ಸಲ ಗಂಟು ಬಿಚ್ಚಿದೆ, ಆರು ಸಲ ಹಾಕಿದೆ. ಕೊನೆಗೆ ರಿಂಗುಗಳು ಜಾರದಂತೆ ತಡೆಯಲು ಆಕೆ ಡಬ್ಬಿಯಿಂದ ತೆಗೆದದ್ದೇನು? ಸೈಕಲ್ ಟ್ಯೂಬು! ಬಳೆಬಳೆಯಾಗಿ ಕತ್ತರಿಸಿಟ್ಟದ್ದು. ಕ್ಯಾರಿಯರಿಗೆ ಅಕ್ಕಿಚೀಲ ಬಿಗಿಯುತ್ತಿದ್ದ, ಪಂಪಿನ ಪೈಪು ಸೋರಿದರೆ ಸುತ್ತುತ್ತಿದ್ದ ಅದೇ ಕರಿ ಟ್ಯೂಬು. ಅಷ್ಟು ದೂರದಲ್ಲಿ ಊರಿನವರೊಬ್ಬರು ಸಿಕ್ಕಂತಾಯಿತು.

ನೀರಿಗಿಳಿದೆ. ಅರ್ಧ ಗಂಟೆ ಎಲ್ಲವೂ ಚೆನ್ನಾಗಿತ್ತು. ಆಮೇಲೆ ಸಿಲಿಂಡರುಗಳ ತಳ ಮೆಲ್ಲಗೆ ಮೇಲೇಳತೊಡಗಿತು. ತುಂಬಿದ ಒಂದೊಂದರಲ್ಲೂ ಗಾಳಿಯೇ ಸುಮಾರು 2.5 ಕಿಲೋ ತೂಗುತ್ತದೆ. ಉಸಿರಾಡಿ ಅದನ್ನು ಮುಗಿಸುತ್ತ ಬಂದಂತೆ ಅಲ್ಯೂಮಿನಿಯಂ ಸಿಲಿಂಡರು ತೇಲುವುದಕ್ಕೆ ಹವಣಿಸುತ್ತದೆ. ಸೋದರಮಾವ ನನ್ನ ಬೆನ್ನಿಗೆ ಸೋರೆಬುರುಡೆ ಕಟ್ಟಿ ಬಾವಿಗೆ ತಳ್ಳಿದಾಗ ಆ ಬುರುಡೆ ಎಳೆದದ್ದೂ ಹೀಗೇ. ಆಗ ಕಿರುಚಿಕೊಂಡಿದ್ದೆ, ಬಾಯಲ್ಲಿ ನಳಿಗೆಯಿದ್ದದ್ದರಿಂದ ಈಗ ಆ ಅನುಕೂಲವಿರಲಿಲ್ಲ. ತಳದ ಕ್ಲಿಪ್ಪನ್ನು ಹಿಂದಿನಿಂದ ಬಿಡಿಸಿ ಸೊಂಟದ ಮುಂದಿನ ರಿಂಗಿಗೆ ಸಿಕ್ಕಿಸಿದೆ. ಎರಡೂ ಸಿಲಿಂಡರು ತೆಪ್ಪಗೆ ಮೈಗೆ ಒರಗಿದವು.

ದಡಕ್ಕೆ ಬಂದ ಮೇಲೆ ಕತ್ತರಿಯ ಕೆಲಸ. ಹೆಗಲ ಪಟ್ಟಿಗಳ ಹೆಚ್ಚಿನ ತುದಿ ಹೋಯಿತು. ಎಳೆ ಬಿಚ್ಚದಿರಲೆಂದು ಕತ್ತರಿಸಿದ ಅಂಚನ್ನು ಮೋಂಬತ್ತಿಗೆ ಹಿಡಿದಾಗ ಸುಟ್ಟ ನೈಲಾನಿನ ವಾಸನೆ. ಉಳಿದದ್ದು ಸೊಂಟದ ಪಟ್ಟಿ. ಒಂದೂವರೆ ಗೇಣು ನೇತಾಡುತ್ತಿತ್ತು. 'ಇದು ಎಲ್ಲಾದರೂ ಸಿಕ್ಕಿಕೊಂಡರೆ ಕಷ್ಟ' ಎಂದು ಆಕೆ ಬಕಲಿನ ಹತ್ತಿರಕ್ಕೇ ಕತ್ತರಿ ತಂದರು.

ಅಪ್ಪ ಹೋಗಿ ಒಂಬತ್ತು ವರ್ಷವಾಗಿದೆ. 'ಇನ್ನೆರಡು ಬೆರಳು ಇರಲಿ' ಎಂದು ನನ್ನ ಬಾಯಿಂದ ಕನ್ನಡದಲ್ಲೇ ಬಂದುಬಿಟ್ಟಿತು. ಏನಂದೆ ಎಂದು ಕೇಳಿದರು. ಬೆಳೆಯುವ ಹುಡುಗನ ಕತೆಯನ್ನು ಇಂಗ್ಲಿಷಿನಲ್ಲಿ ಹೇಳಿದೆ. ಆಕೆ ನಗಲಿಲ್ಲ. ನನ್ನ ಹೊಟ್ಟೆಯನ್ನೊಮ್ಮೆ ದಿಟ್ಟಿಸಿ, ನಾಲ್ಕು ಬೆರಳು ಬಿಟ್ಟು ಕತ್ತರಿಸಿದರು.