ಬಯಲಿನವರು ಕಂಡ ಗುಡ್ಡದ ಭೂತ

ಹೆದರಿಕೆ ಹುಲುಸಾಗಿ ಬೆಳೆಯಲು ಮರೆ ಬೇಕು. ನಮ್ಮ ಹುನಗುಂದದ ಎರಿ ಹೊಲದಲ್ಲಿ ಅದೆಲ್ಲಿದೆ? ಕಡಲೆ ಕಿತ್ತ ಮೇಲಂತೂ ಹರದಾರಿ ದೂರದಿಂದ ಬರುವವನು ಯಾರ ಮಗ ಎಂದು ನಡಿಗೆಯಲ್ಲೇ ಗುರುತು ಹಿಡಿಯಬಹುದು. ಪಾಪ, ದೆವ್ವ ಎಲ್ಲಿ ಅಡಗೀತು? ಅದಕ್ಕೇ ಇರಬೇಕು, ಹಳೆಯ ಟೀವಿ ಕಥೆಗಳ ಹುಚ್ಚಿನ ನನಗೆ ಇವತ್ತಿಗೂ ‘ಗುಡ್ಡದ ಭೂತ’ವನ್ನು ಮೀರಿಸಿದ ಧಾರಾವಾಹಿ ಇಲ್ಲ.

ತೊಂಬತ್ತರ ದಶಕ ಶುರುವಾಗುತ್ತಿದ್ದ ಕಾಲ. ದೂರದರ್ಶನದಲ್ಲಿ ಕಂತು ಕಂತಾಗಿ ಬಂತು. ನಿರ್ದೇಶಕರು ಸದಾನಂದ ಸುವರ್ಣ. ಮುಂಬೈಯ ಕನ್ನಡ ರಂಗಭೂಮಿಯವರು, 1977ರ ‘ಘಟಶ್ರಾದ್ಧ’ದ ನಿರ್ಮಾಪಕರು. ನಟರಲ್ಲಿ ಪ್ರಕಾಶ್ ರೈ ಇದ್ದರು, ಆಗಿನ್ನೂ ಹೆಸರಾಗದ ಹುಡುಗ.

ಧಾರಾವಾಹಿಯ ತುಳು ಹಾಡು ಶುರುವಾದರೆ ಸಾಕು, ಹಿಟ್ಟಿನ ಕೈಯಲ್ಲೇ ಹೆಂಗಸರು ಪಡಸಾಲೆಗೆ ಬರುತ್ತಿದ್ದರು. ಒಂದು ಶಬ್ದವೂ ತಿಳಿಯುತ್ತಿರಲಿಲ್ಲ. ಮೈ ಮಾತ್ರ ಜುಮ್ಮೆನ್ನುತ್ತಿತ್ತು. ಹಂಚಿನ ಮನೆ, ದಟ್ಟ ಹಸಿರು, ಕತ್ತಲು. ನಮ್ಮ ಆಯಿಯ ತೀರ್ಪು ಬೇರೆಯೇ: “ಇಷ್ಟು ಗಿಡಾ ಇದ್ದ ಮ್ಯಾಲ ದೆವ್ವ ಬರ್ದ ಏನ್ ಮಾಡ್ತಾವ?” ಆಕೆಗೆ ಭೂತಕ್ಕಿಂತ ಆ ಹಸಿರಿನ ಮೇಲೆಯೇ ಕಣ್ಣು. ಕರಾವಳಿಯವರಿಗೆ ಭೂತವೆಂದರೆ ಕೋಲ ಕೊಟ್ಟು ಕೈಮುಗಿಯುವ ದೈವ; ನಮಗೋ ಬೇವಿನ ತಪ್ಪಲಿನಿಂದ ಬಡಿದು ಬಿಡಿಸಬೇಕಾದ ಪೀಡೆ. ಅವರು ಭಕ್ತಿಯಿಂದ ಅಂಜುವಲ್ಲಿ ನಾವು ಬರೀ ಅಂಜುತ್ತಿದ್ದೆವು.

ಮಾಳಿಗೆಯ ಮೇಲೆ ಒಬ್ಬ ಆಂಟೆನಾ ತಿರುವುತ್ತ “ಬಂತೇನ್ರೋ?” ಎಂದು ಕೂಗುವುದು, ಕೆಳಗೆ ಪರದೆಯ ತುಂಬ ಚುಕ್ಕಿ ಕುಣಿಯುವುದು ಆಗಿನ ಮಾತು. ಆ ಚುಕ್ಕಿಗಳ ನಡುವೆ ಬಾಗಿಲ ಬಳಿ ನಿಂತದ್ದು ಮನುಷ್ಯನೋ ಕಂಬವೋ ಎಂಬುದು ನಿಮ್ಮ ಧೈರ್ಯಕ್ಕೆ ಬಿಟ್ಟದ್ದು. ನಿರ್ದೇಶಕರು ಅಡಗಿಸಿದ್ದರಲ್ಲಿ ಅರ್ಧ ಪಾಲು ನಮ್ಮ ಆಂಟೆನಾದ್ದೇ! ಅದಕ್ಕಿಂತ ದೊಡ್ಡ ಕೈಚಳಕ ಮುಂದಿನ ಕಂತಿನವರೆಗಿನ ಕಾಯುವಿಕೆ. ನೇಯ್ಗೆಯ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತವರಿಂದ ಹಿಡಿದು ಗಿರಣಿಯಲ್ಲಿ ಜೋಳದ ಡಬ್ಬಿ ಇಟ್ಟು ನಿಂತವರ ತನಕ ಎಲ್ಲರೂ ಪತ್ತೇದಾರರು. ಒಬ್ಬೊಬ್ಬರಿಗೆ ಕಥೆಯ ಒಬ್ಬೊಬ್ಬರ ಮೇಲೆ ಸಂಶಯ, ಪಂದ್ಯಕ್ಕೆ ಒಂದು ತುಂಡು ಅಮೀನಗಡದ ಕರದಂಟು.

2015ರಲ್ಲಿ ‘ರಂಗಿತರಂಗ’ ಬಂದಾಗ ಹುಡುಗರು ಅದರಲ್ಲಿದ್ದ ನಮ್ಮ ಧಾರಾವಾಹಿಯದೇ ‘ಡೆನ್ನಾನ’ ಹಾಡನ್ನು ಹೊಸದೆಂದೇ ಗುನುಗಿದರು. ಸಿನಿಮಾ ಚೆಂದವಿದೆ, ತಕರಾರಿಲ್ಲ. ಆದರೆ ಎರಡೂವರೆ ಗಂಟೆಯಲ್ಲಿ ಮುಗಿದುಹೋಗುವ ಹೆದರಿಕೆ ನನ್ನಂಥವನಿಗೆ ಸಾಲದು. ಯೂಟ್ಯೂಬಿನಲ್ಲಿ ಈಗ ಹಳೆಯ ಕಂತುಗಳು ಸಿಗುತ್ತವೆ. ನಾನು ವಾರಕ್ಕೊಂದೇ ನೋಡುತ್ತೇನೆ, ದೀಪ ಆರಿಸಿ. ಭೂತದ ಗುಟ್ಟೇನು ಎಂದು ಮೊಮ್ಮಗಳು ಪೀಡಿಸುತ್ತಾಳೆ. ಕರದಂಟು ಒಡ್ಡಿದರೂ ಬಾಯಿ ಬಿಟ್ಟಿಲ್ಲ.